ರಾತ್ರಿ ಉಳಿಸಿಕೊಳ್ಳದ ಬೆಟ್ಟ

ಮೌಂಟ್ ಬೇಕರ್ ಸ್ಕೀ ಏರಿಯಾಕ್ಕೆ ಹೋದವರು ಜಾರುವುದು ಮೌಂಟ್ ಬೇಕರ್ ಮೇಲಲ್ಲ. ಆ ಹೆಸರಿನ 3,286 ಮೀಟರ್ ಎತ್ತರದ ಜ್ವಾಲಾಮುಖಿ ಆಚೆ ಮೋಡ ಹೊದ್ದು ಕೂತಿರುತ್ತದೆ. ಸ್ಕೀ ಜಾಗ ಇರುವುದು ಅದಕ್ಕೂ ಮೌಂಟ್ ಶುಕ್ಸನ್‌ಗೂ ನಡುವೆ. ಅಲ್ಲಿ ಕಣ್ಣು ತುಂಬುವುದು ಶುಕ್ಸನ್ನೇ. 1792ರಲ್ಲಿ ಹಡಗಿನಿಂದ ಆ ಜ್ವಾಲಾಮುಖಿಯನ್ನು ಕಂಡ ಲೆಫ್ಟಿನೆಂಟ್ ಜೋಸೆಫ್ ಬೇಕರನ ಹೆಸರನ್ನು ಅದಕ್ಕೆ ಇಟ್ಟವನು ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್. ಸ್ಥಳೀಯ ಮೂಲನಿವಾಸಿಗಳಿಗೆ ಅದು ಅದಕ್ಕೂ ಮೊದಲಿನಿಂದ ಕುಲ್ಶನ್. ಈಗ ಕ್ಯಾಪ್ಟನ್ನನ ಹೆಸರಿನ ಊರು ಕೆನಡಾದಲ್ಲಿದೆ, ಲೆಫ್ಟಿನೆಂಟನ ಹೆಸರಿನ ಬೆಟ್ಟ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿದೆ. ಚಳಿಗಾಲದ ಶನಿವಾರ ಬೆಳಗಿನ ಜಾವ ಅಲ್ಲಿಂದ ಇಲ್ಲಿಗೆ ಹೊರಡುವ ಕಾರುಗಳಲ್ಲಿ ಕನ್ನಡ ಮಾತೂ ಇರುತ್ತದೆ.

ನಮ್ಮದೂ ಅಂಥದೇ ಒಂದು ಕಾರು. ವ್ಯಾಂಕೂವರಿನಿಂದ ಆಬಟ್ಸ್‌ಫರ್ಡ್‌ವರೆಗೆ ಹೆದ್ದಾರಿ, ಅಲ್ಲಿಂದ ಸುಮಾಸ್ ಗಡಿ. ಕೆನಡಾದ ಪೌರರಾದರೆ ಪಾಸ್‌ಪೋರ್ಟ್ ಸಾಕು. ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಒಂದು ದಿನದ ಜಾರಾಟಕ್ಕೂ ಅಮೆರಿಕದ ವೀಸಾ ಬೇಕು. ಕೆನಡಾದಲ್ಲಿ ವರ್ಕ್ ಪರ್ಮಿಟ್ ಮೇಲಿರುವವರಾದರೆ ವಾಪಸು ಬರಲು ಆ ಕಾಗದವೂ ಕೈಯಲ್ಲಿರಬೇಕು. ಇಷ್ಟೆಲ್ಲ ನೆನಪಿಟ್ಟುಕೊಂಡವರು ಮರೆಯುವುದು ಬ್ಯಾಗಿನೊಳಗಿನ ಕಿತ್ತಳೆಹಣ್ಣು. ಕೆನಡಾ ಕಡೆಯಿಂದ ಅದನ್ನು ಒಯ್ಯುವಂತಿಲ್ಲ. "ಲೋ, ಬೂತ್ ಬರೋದ್ರೊಳಗೆ ತಿಂದು ಮುಗಿಸ್ರೋ" ಎಂದು ಡ್ರೈವರ್ ಸೀಟಿನಿಂದ ಅಪ್ಪಣೆಯಾಯಿತು. ಕ್ಯೂ ಉದ್ದವಿದ್ದದ್ದು ಪುಣ್ಯ. ಚಿತ್ರಾನ್ನದ ಡಬ್ಬಿಯ ಬಗ್ಗೆ ಅಧಿಕಾರಿ ಏನನ್ನೂ ಕೇಳಲಿಲ್ಲ.

49ನೇ ಅಕ್ಷಾಂಶದ ಗಡಿಗೆರೆಯಿಂದ ಸ್ಕೀ ಜಾಗ ನೇರಕ್ಕೆ ಹದಿನೈದು ಕಿ.ಮೀ. ಆಸುಪಾಸು. ನಡುವೆ ಬೆಟ್ಟಗಳಿರುವುದರಿಂದ ಕಾರು ಸುಮಾಸಿನಿಂದ ಎಪ್ಪತ್ತರಷ್ಟು ಸುತ್ತಬೇಕು: ಮೇಪಲ್ ಫಾಲ್ಸ್, ಗ್ಲೇಷಿಯರ್ ಎಂಬ ಪುಟ್ಟ ಊರುಗಳು, ಪಕ್ಕದಲ್ಲಿ ನೂಕ್ಸಾಕ್ ನದಿ. ಗ್ಲೇಷಿಯರ್ ದಾಟಿದರೆ ಮೊಬೈಲ್ ಸಿಗ್ನಲ್ ಇಲ್ಲವೆಂದೇ ಲೆಕ್ಕ. ಟೈರಿಗೆ ಕಟ್ಟುವ ಸರಪಳಿ ಡಿಕ್ಕಿಯಲ್ಲಿ ಇರಲಿ.

1998–99ರ ಚಳಿಗಾಲದಲ್ಲಿ ಇಲ್ಲಿ 1,140 ಇಂಚು, ಅಂದರೆ ಸುಮಾರು 29 ಮೀಟರ್ ಹಿಮ ಬಿತ್ತು. ಅಳೆದು ದಾಖಲಾದ ಒಂದು ಋತುವಿನ ಹಿಮಪಾತಗಳಲ್ಲಿ ಅದು ಜಗತ್ತಿಗೇ ಹೆಚ್ಚಿನದು. ಎತ್ತರವೇ ಇದಕ್ಕೆ ಕಾರಣ ಅಂದುಕೊಂಡರೆ ತಪ್ಪು. ಲಿಫ್ಟಿನ ಕುರ್ಚಿಗಳು ಮುಟ್ಟುವ ತುದಿ 1,550 ಮೀಟರ್ ಅಷ್ಟೇ. ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ. ಪೆಸಿಫಿಕ್ ಸಾಗರದ ತೇವ ಹೊತ್ತ ಗಾಳಿ ಕ್ಯಾಸ್ಕೇಡ್ ಬೆಟ್ಟಸಾಲಿಗೆ ಬಡಿದು, ಮೇಲೇರಿ, ತಣ್ಣಗಾಗಿ ಹೊರೆ ಇಳಿಸುತ್ತದೆ. ಅರಬ್ಬಿ ಸಮುದ್ರದ ಗಾಳಿ ಆಗುಂಬೆಯಲ್ಲಿ ಮಾಡುವ ಕೆಲಸವೂ ಇದೇ. ಇಲ್ಲಿ ಚಳಿ ಇರುವುದರಿಂದ ಅದು ಹಿಮವಾಗುತ್ತದೆ. ಕಡಲ ತೇವದ ಈ ಹಿಮ ಒದ್ದೆ, ಭಾರ. 'ಕ್ಯಾಸ್ಕೇಡ್ ಕಾಂಕ್ರೀಟ್' ಎಂದು ಇಲ್ಲಿನವರು ಬೈಯುವುದೂ ಉಂಟು, ಅದರ ಮೇಲೆ ಹೆಮ್ಮೆ ಪಡುವುದೂ ಉಂಟು.

ಉತ್ತರಕ್ಕೆ, ಕೆನಡಾದಲ್ಲೇ, ವಿಸ್ಲರ್ ಎಂಬ ಸ್ಕೀ ತಾಣ ಇದೆ. ಅಲ್ಲಿ ಹೋಟೆಲು, ಅಂಗಡಿ, ಸಂಜೆಯ ಸಡಗರದ ಇಡೀ ಊರೇ ಇದೆ. ಗಡಿ ದಾಟದೆ ಅಲ್ಲಿಗೇ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ನನಗೆ ಬೇಕರ್ ಇಷ್ಟವಾಗುವುದು ಇಲ್ಲಿ ಏನೇನು ಇಲ್ಲವೋ ಅದಕ್ಕಾಗಿ. ಹೊರಗಿನ ವಿದ್ಯುತ್ ತಂತಿಯೂ ಇಲ್ಲಿಗೆ ಬಂದಿಲ್ಲ. ಲಿಫ್ಟು ಓಡುವುದು ಸ್ವಂತ ಜನರೇಟರಿನಿಂದ. ಲಿಫ್ಟುಗಳಿಗೆ ಹೆಸರಿನ ಬದಲು ನಂಬರು. 1927ರಲ್ಲಿ ಇಲ್ಲಿ ದೊಡ್ಡದೊಂದು ಲಾಡ್ಜ್ ತೆರೆದಿತ್ತು, 1931ರಲ್ಲಿ ಬೆಂಕಿಗೆ ಆಹುತಿಯಾಯಿತು. ಈಗ ವೈಟ್ ಸಾಮನ್, ಹೆದರ್ ಮೆಡೋಸ್ ಎಂಬ ತಂಗುಕಟ್ಟಡಗಳಿವೆ. ಬೂಟು ಕಳಚಿ ಸೂಪು ಕುಡಿಯಬಹುದು, ಮಲಗುವಂತಿಲ್ಲ.

ಸ್ನೋಬೋರ್ಡಿನವರನ್ನು ಅಮೆರಿಕದ ಅನೇಕ ಸ್ಕೀ ತಾಣಗಳು ಒಳಗೇ ಬಿಡದಿದ್ದ ಕಾಲದಲ್ಲಿ ಬೇಕರ್ ಬಾಗಿಲು ತೆರೆದಿತ್ತು. 1985ರಲ್ಲಿ ಶುರುವಾದ 'ಲೆಜೆಂಡರಿ ಬ್ಯಾಂಕ್ಡ್ ಸ್ಲಾಲಮ್' ಸ್ಪರ್ಧೆ ಇಲ್ಲಿನ ಹಳ್ಳದಂಥ ಇಳಿಜಾರಿನಲ್ಲಿ ನಡೆಯುತ್ತದೆ. ಗೆದ್ದವರಿಗೆ ಟ್ರೋಫಿಯಾಗಿ ಕೊಡುವುದು ಬಂಗಾರದ ಬಣ್ಣದ ಡಕ್ಟ್ ಟೇಪ್ ಸುರುಳಿ. ಅದಕ್ಕಾಗಿ ಜಗತ್ತಿನ ದೊಡ್ಡ ದೊಡ್ಡ ಆಟಗಾರರು ಬರುತ್ತಾರೆ.

ಮೊದಲ ಸಲ ಬಂದವರು ಸೌಮ್ಯ ಇಳಿಜಾರಿನಲ್ಲಿ ಬಿದ್ದೆದ್ದು ಕಲಿಯಲಿ. ನಮ್ಮ ಗುಂಪಿನ ಹಾಸನದ ಗೆಳೆಯ ಎದ್ದದ್ದಕ್ಕಿಂತ ಬಿದ್ದದ್ದೇ ಹೆಚ್ಚು, ನಕ್ಕದ್ದು ಅದಕ್ಕಿಂತಲೂ ಹೆಚ್ಚು. ಕಲಿತವರಿಗೆ ಒಂದು ಎಚ್ಚರಿಕೆ. ದಟ್ಟ ಫರ್ ಮರಗಳ ಬುಡದಲ್ಲಿ, ಕೊಂಬೆಗಳ ಅಡಿ, ಹಿಮ ಸಡಿಲವಾಗಿ ಕಾಣದ ಬಾವಿಯಂತಾಗಿರುತ್ತದೆ. ತಲೆಕೆಳಗಾಗಿ ಅದರೊಳಗೆ ಬಿದ್ದವರು ತಾವಾಗಿ ಮೇಲೆ ಬರುವುದು ಬಹಳ ಕಷ್ಟ, ಉಸಿರುಗಟ್ಟಿ ಸತ್ತವರಿದ್ದಾರೆ. ಆದ್ದರಿಂದ ಮರಗಳ ನಡುವೆ ಜಾರುವಾಗ ಜೊತೆಗಾರ ಕಣ್ಣಳತೆಯಲ್ಲಿ ಇರಲೇಬೇಕು. ಇಲ್ಲಿ ಸ್ನೇಹಿತರನ್ನು ಕರೆದುಕೊಂಡು ಬರುವುದು ಬರೀ ಮೋಜಿಗಲ್ಲ.

ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಈ ಗಡಿ ಪ್ರವಾಸಿಗಳಿಗೆ ಮತ್ತೆ ತೆರೆದದ್ದು 2021ರ ನವೆಂಬರ್‌ನಲ್ಲಿ. ನಡುವಿನ ಚಳಿಗಾಲವಿಡೀ ಕೆನಡಾದ ಕಾರುಗಳಿಗೆ ಬೇಕರ್ ದೂರವೇ ಉಳಿಯಿತು. ಎರಡು ದೇಶಗಳ ನಡುವಿನ 2025ರ ಸುಂಕದ ಜಗಳದ ನಂತರ, ಗಡಿ ತೆರೆದೇ ಇದ್ದರೂ, ಅಮೆರಿಕಕ್ಕೆ ಹೋಗುವ ಕೆನಡಿಯನ್ನರು ಕಡಿಮೆಯಾದರು.

ಸಂಜೆ ಹಗಲಿರುವಾಗಲೇ ಲಿಫ್ಟು ನಿಲ್ಲುತ್ತದೆ, ರಾತ್ರಿ ಆಟ ಇಲ್ಲ. ವಾಪಸು ಸುಮಾಸಿನಲ್ಲಿ ಅಗ್ಗದ ಪೆಟ್ರೋಲ್ ತುಂಬಿಸಿಕೊಂಡು ಮತ್ತೆ ಕ್ಯೂ. ಏನೇನು ಕೊಂಡಿರಿ ಎಂದು ಈ ಸಲ ಕೇಳುವವರು ಕೆನಡಾದವರು. ಹೊರಗೆ 24 ಗಂಟೆ ಕಳೆದವರಿಗಷ್ಟೇ ಸುಂಕದ ವಿನಾಯಿತಿ. ಬೆಳಗ್ಗೆ ಹೋಗಿ ರಾತ್ರಿ ಬಂದವರು ಕೈಗವಸು ಕೊಂಡಿದ್ದರೂ ಲೆಕ್ಕ ಹೇಳಬೇಕು, ತೆರಿಗೆ ಕೇಳಿದರೆ ಕಟ್ಟಬೇಕು.