ಏಳು ದಾಖಲೆ, ಒಂದು ಗಂಟೆ

“ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿಸಿಬಿಡಿ ಮೇಡಂ, ಉಳಿದದ್ದು ಅವಳೇ ಬರೀತಾಳೆ” ಎಂದು ಹೇಳಿ ಮಗಳನ್ನು ನಮ್ಮ ಮನೆ ಮುಂದೆ ಕಾರಿನಿಂದ ಇಳಿಸಿ ಹೋಗುವ ಅಪ್ಪಂದಿರು ನ್ಯೂಜೆರ್ಸಿಯ ನಮ್ಮ ಕನ್ನಡದವರಲ್ಲಿ ಬಹಳ. ಅವರನ್ನು ದೂರುವಂತಿಲ್ಲ. ಅವರೂ ನಾನೂ ಎಸೆಸೆಲ್ಸಿಯಲ್ಲಿ 1857ರ ದಂಗೆಯ ಕಾರಣಗಳನ್ನು ರಾಜಕೀಯ, ಆರ್ಥಿಕ, ಸೈನಿಕ ಎಂದು ಪಾಯಿಂಟ್ ಹಾಕಿ ಬರೆದು ಪಾಸಾದವರು. ತುಮಕೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಾಗ ನಾನು ಮಕ್ಕಳಿಂದ ಬರೆಸಿದ್ದೂ ಹಾಗೆಯೇ. ಇಲ್ಲಿ ಶನಿವಾರಗಳಂದು ಊಟದ ಮೇಜಿನ ಸುತ್ತ ಮಕ್ಕಳನ್ನು ಕೂರಿಸಿಕೊಂಡು ಎಪಿ ಪರೀಕ್ಷೆಗೆ ತಯಾರು ಮಾಡುವಾಗ ಆ ಅಭ್ಯಾಸವನ್ನೇ ಮೊದಲು ಬಿಡಿಸಬೇಕು. ಬರೀ ಪಾಯಿಂಟ್ ಪಟ್ಟಿ ಕೊಟ್ಟರೆ ಉತ್ತರವೆಂದು ಒಪ್ಪುವುದಿಲ್ಲ ಎಂದು ಪ್ರಶ್ನೆಪತ್ರಿಕೆಯ ಸೂಚನೆಯಲ್ಲೇ ಇರುತ್ತದೆ.

ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಕಾಲೇಜು ಮಟ್ಟದ ಪಾಠವನ್ನು ಹೈಸ್ಕೂಲಿನಲ್ಲೇ ಓದುವ ಏರ್ಪಾಟು. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1955ರಿಂದ ಇದನ್ನು ನಡೆಸುತ್ತಿದೆ. ಪರೀಕ್ಷೆ ಮೇ ತಿಂಗಳಲ್ಲಿ, ಫಲಿತಾಂಶ ಜುಲೈಯಲ್ಲಿ, ಅಂಕ 1ರಿಂದ 5ರವರೆಗೆ. ಒಳ್ಳೆಯ ಅಂಕ ಬಂದರೆ ಅನೇಕ ಕಾಲೇಜುಗಳು ಆ ವಿಷಯದ ಕ್ರೆಡಿಟ್ ಕೊಡುತ್ತವೆ.

ಅಮೆರಿಕದ ಇತಿಹಾಸದ ಪರೀಕ್ಷೆ ಮೂರೂಕಾಲು ಗಂಟೆಯದು. 1491ರಿಂದ ಇಂದಿನವರೆಗಿನ ಚರಿತ್ರೆ. 55 ಬಹು ಆಯ್ಕೆ ಪ್ರಶ್ನೆ, ಮೂರು ಕಿರು ಉತ್ತರ, ಒಂದು ದೊಡ್ಡ ಪ್ರಬಂಧ. ಇವಿಷ್ಟಕ್ಕೆ ನಮ್ಮ ಮಕ್ಕಳು ಹೆದರುವುದಿಲ್ಲ. ಬೆವರಿಳಿಸುವುದು ಮಕ್ಕಳು ಡಿಬಿಕ್ಯೂ ಎನ್ನುವ ದಾಖಲೆಗಳ ಪ್ರಶ್ನೆ. ಭಾಷಣ, ಪತ್ರ, ವ್ಯಂಗ್ಯಚಿತ್ರ, ನಕ್ಷೆ ಹೀಗೆ ಏಳು ದಾಖಲೆಗಳನ್ನು ಮುಂದಿಟ್ಟು, ಒಂದು ಗಂಟೆಯೊಳಗೆ ಅವನ್ನು ಓದಿ, ಒಂದು ವಾದ ಕಟ್ಟಿ ಬರೆ ಎನ್ನುತ್ತಾರೆ. ಇಡೀ ಪರೀಕ್ಷೆಯ ಕಾಲು ಭಾಗ ಅಂಕ ಇದಕ್ಕೇ.

ಅಭ್ಯಾಸಕ್ಕೆ ನಾನು ಹೆಚ್ಚಾಗಿ ಕೊಡುವುದು ಆಂಡ್ರ್ಯೂ ಕಾರ್ನೆಗಿ 1889ರಲ್ಲಿ ಸಂಪತ್ತಿನ ಬಗ್ಗೆ ಬರೆದ ಲೇಖನದ ತುಣುಕು. ಶ್ರೀಮಂತರು ತಮ್ಮ ಹಣವನ್ನು ಬದುಕಿರುವಾಗಲೇ ಸಮಾಜದ ಒಳಿತಿಗೆ ಬಳಸಬೇಕು ಎಂಬುದು ಅದರ ಸಾರ. ಮೊದಲ ಸಲ ಎಲ್ಲರೂ ಬರೆಯುವುದು ಒಂದೇ: ಕಾರ್ನೆಗಿ ದಾನಿ, ದೊಡ್ಡ ಮನುಷ್ಯ. “ಯಾರು ಹೇಳ್ತಿರೋದು? ಯಾರಿಗೆ? ಆಗಲೇ ಯಾಕೆ?” ಅಂತ ಕೇಳುತ್ತೇನೆ. ಆಮೇಲೆ 1892ರ ಹೋಮ್‌ಸ್ಟೆಡ್ ಮುಷ್ಕರದ ವರದಿ ಕೊಡುತ್ತೇನೆ. ಅದೇ ಕಾರ್ನೆಗಿಯ ಉಕ್ಕಿನ ಕಾರ್ಖಾನೆ, ಕೂಲಿಯ ಜಗಳ, ಕಂಪನಿ ಕರೆಸಿದ ಪಿಂಕರ್‌ಟನ್ ಕಾವಲುಗಾರರು, ಎರಡೂ ಕಡೆ ಹೆಣ ಬಿದ್ದವು. “ಆಂಟಿ, ಇಬ್ಬರೂ ಒಬ್ಬನೇನಾ?” ಎಂದು ಒಬ್ಬ ಹುಡುಗ ಕೇಳಿದ. ಆ ಪ್ರಶ್ನೆ ಹುಟ್ಟಿದರೆ ಪ್ರಬಂಧ ಅರ್ಧ ಬರೆದಂತೆಯೇ. ದಾಖಲೆಯಲ್ಲಿ ಇರುವುದನ್ನೇ ತಿರುಗಿಸಿ ಬರೆದವನಿಗೂ, ಹೇಳಿದವನ ಹಿತಾಸಕ್ತಿ ಹಿಡಿದು ಪ್ರಶ್ನಿಸಿದವನಿಗೂ ಸಿಗುವ ಅಂಕ ಬೇರೆ ಬೇರೆ.

ಇಸವಿ ಬೇಡವೇ ಬೇಡ ಅಂತಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತಿಲ್ಲದವನು ಕಾರಣ ಹೇಳಲಾರ. ದೇಶವಾರು ಕೋಟಾ ತೆಗೆದುಹಾಕಿದ 1965ರ ವಲಸೆ ಕಾಯ್ದೆ ಪಾಠದಲ್ಲಿದೆ. ನಿಮ್ಮ ಅಪ್ಪ ಅಮ್ಮ ಈ ದೇಶಕ್ಕೆ ಬರಲು ದಾರಿಯಾದದ್ದು ಇದೇ ಎಂದರೆ ಆ ಇಸವಿ ತಾನಾಗಿ ನೆನಪಿರುತ್ತದೆ.

ಸರ್ಕಾರ ಮತ್ತು ರಾಜಕೀಯದ ಪರೀಕ್ಷೆ ಬೇರೆಯೇ ಜಾತಿ. ಸ್ವಾತಂತ್ರ್ಯ ಘೋಷಣೆ, ಸಂವಿಧಾನ, ಅದನ್ನು ಸಮರ್ಥಿಸಿದ ಫೆಡರಲಿಸ್ಟ್ ಪ್ರಬಂಧಗಳಲ್ಲಿ ನಾಲ್ಕು, ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರ ಸೇರಿ ಒಂಬತ್ತು ಮೂಲ ಬರಹಗಳನ್ನು ಓದಿರಲೇಬೇಕು. ಸುಪ್ರೀಂ ಕೋರ್ಟಿನ ತೀರ್ಪುಗಳೂ ಕಡ್ಡಾಯ. ಮೊದಲು 15 ಇದ್ದವು. 2022ರಲ್ಲಿ ಗರ್ಭಪಾತದ ಹಕ್ಕಿನ ರೋ ತೀರ್ಪನ್ನು ಕೋರ್ಟೇ ರದ್ದುಪಡಿಸಿದ ಮೇಲೆ 14. ಪರೀಕ್ಷೆಯಲ್ಲಿ ಹೊಸದೊಂದು ಮೊಕದ್ದಮೆ ಕೊಟ್ಟು, ಓದಿದ ತೀರ್ಪಿನೊಂದಿಗೆ ಹೋಲಿಸಲು ಹೇಳುತ್ತಾರೆ. ಹಾಗಾಗಿ ಹೆಸರು, ಇಸವಿ ಕಲಿತು ಉಪಯೋಗವಿಲ್ಲ. ನ್ಯಾಯಾಧೀಶರು ಯಾವ ತರ್ಕದಿಂದ ಹಾಗೆ ಹೇಳಿದರು ಎಂಬುದು ಬೇಕು. ವಿಯೆಟ್ನಾಂ ಯುದ್ಧದ ವಿರುದ್ಧ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದ ಮಕ್ಕಳ ಪರವಾಗಿ ಬಂದ 1969ರ ಟಿಂಕರ್ ತೀರ್ಪನ್ನು ಯಾರೂ ಮರೆಯುವುದಿಲ್ಲ, ಅವರದೇ ವಯಸ್ಸಿನವರ ಕಥೆಯಲ್ಲವೇ! ಕಾಂಗ್ರೆಸ್ ಮಾಡಿದ ಕಾನೂನನ್ನೂ ಕೋರ್ಟು ಅಸಿಂಧು ಎನ್ನಬಹುದು ಎಂದ 1803ರ ಮಾರ್ಬರಿ ತೀರ್ಪಿಗೆ ಬಂದಾಗ, ಸಂವಿಧಾನ ತಿದ್ದುವ ಸಂಸತ್ತಿನ ಅಧಿಕಾರಕ್ಕೂ ಮಿತಿಯಿದೆ ಎಂದು ಭಾರತದ ಸುಪ್ರೀಂ ಕೋರ್ಟು ಹೇಳಿದ, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ 1973ರ ಮೊಕದ್ದಮೆಯನ್ನೂ ಹೇಳುತ್ತೇನೆ. ಪರೀಕ್ಷೆಯಲ್ಲಿ ಅದಕ್ಕೆ ಅರ್ಧ ಅಂಕವೂ ಸಿಗದು. ಆದರೂ ಹೇಳದೆ ಬಿಡಲಾರೆ.

ಅಪ್ಪ ಅಮ್ಮಂದಿರಲ್ಲಿ ಒಂದು ಮಾತು. ದಪ್ಪ ದಪ್ಪ ಗೈಡುಗಳಿಗೆ ದುಡ್ಡು ಸುರಿಯುವ ಮೊದಲು ಕಾಲೇಜ್ ಬೋರ್ಡಿನ ಜಾಲತಾಣ ನೋಡಿ. ಹಿಂದಿನ ವರ್ಷಗಳ ಪ್ರಬಂಧ ಪ್ರಶ್ನೆಗಳು, ಮಕ್ಕಳು ಬರೆದ ಮಾದರಿ ಉತ್ತರಗಳು, ಅವಕ್ಕೆ ಅಂಕ ಕೊಟ್ಟ ಬಗೆ ಎಲ್ಲವೂ ಅಲ್ಲಿ ಪುಕ್ಕಟೆಯಾಗಿವೆ. ವಾರಕ್ಕೊಂದು ಉತ್ತರವನ್ನು ಗಡಿಯಾರ ಇಟ್ಟುಕೊಂಡು ಬರೆಯಲಿ, ಅದನ್ನು ನೀವೂ ಓದಿ.