ನಾಸಿಕ್‌ನಿಂದ ನವಲಗುಂದಕ್ಕೆ ಒಂದು ಗಿಫ್ಟ್

ಪೋಕೆಮಾನ್ ಗೋ ನಮ್ಮ ದೇಶಕ್ಕೆ ಅಧಿಕೃತವಾಗಿ ಬಂದದ್ದು 2016ರ ಡಿಸೆಂಬರ್‌ನಲ್ಲಿ, ಜಿಯೋ ಜೊತೆಗೂಡಿ. ಅದಕ್ಕೂ ಮೊದಲೇ ಅಡ್ಡದಾರಿಯಲ್ಲಿ ಡೌನ್‌ಲೋಡ್ ಮಾಡಿಕೊಂಡವರು ಫೋನ್ ಹಿಡಿದು ಬೀದಿ ಬೀದಿ ಅಲೆದದ್ದು ನಿಮಗೆ ನೆನಪಿರಬಹುದು. ಆ ಗದ್ದಲ ಇಳಿದು ಎಷ್ಟೋ ವರ್ಷವಾಯಿತು, ಈಗ್ಯಾಕೆ ಅದರ ಮಾತು ಎನ್ನುತ್ತೀರಾ? ಆಟ ನಿಂತಿಲ್ಲ, ಹೊಸ ಹೊಸ ಸೌಲಭ್ಯ ಸೇರಿಸಿಕೊಳ್ಳುತ್ತಲೇ ಇದೆ. ಅದರಲ್ಲಿ ಒಂದೆರಡು ನಮ್ಮಂಥ ಊರು ಬಿಟ್ಟವರಿಗೇ ಮಾಡಿದ ಹಾಗಿವೆ.

ಗೊತ್ತಿಲ್ಲದವರಿಗೆ ಎರಡು ಮಾತು. ನೀವು ನಿಜವಾಗಿ ನಡೆದಂತೆ ಫೋನಿನ ನಕ್ಷೆಯಲ್ಲಿ ನಿಮ್ಮ ಗೊಂಬೆಯೂ ನಡೆಯುತ್ತದೆ. ದಾರಿಯಲ್ಲಿ ಸಿಗುವ ವಿಚಿತ್ರ ಪ್ರಾಣಿಗಳನ್ನು ಚೆಂಡೆಸೆದು ಹಿಡಿಯಬೇಕು. ಗುಡಿ, ಪ್ರತಿಮೆ, ಉದ್ಯಾನಗಳಂಥ ಜಾಗಗಳು 'ಪೋಕೆಸ್ಟಾಪ್'. ಚೆಂಡು ಸಿಗುವುದು ಮುಖ್ಯವಾಗಿ ಅಲ್ಲೇ.

ಇದರ ಮೂಲ 1996ರಲ್ಲಿ ಜಪಾನಿನಲ್ಲಿ ಗೇಮ್ ಬಾಯ್ ಎಂಬ ಕೈಯಾಟಿಕೆಗೆ ಬಂದ ಆಟ. ಅದನ್ನು ರೂಪಿಸಿದ ಸತೋಶಿ ತಾಜಿರಿ ಚಿಕ್ಕಂದಿನಲ್ಲಿ ಹುಳು ಹಿಡಿಯುವ ಹುಚ್ಚಿನವರು. ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ತಂತಿ ನೋಡಿದಾಗ ಅವರಿಗೆ ಕಂಡದ್ದು ಅದರ ಮೇಲೆ ಅತ್ತಿಂದಿತ್ತ ಹರಿದಾಡುವ ಹುಳುಗಳು. ಅದಕ್ಕೇ ಆಟವನ್ನು ಎರಡು ಆವೃತ್ತಿ ಮಾಡಿ, ಒಂದರಲ್ಲಿದ್ದ ಕೆಲವು ಪ್ರಾಣಿ ಇನ್ನೊಂದರಲ್ಲಿ ಸಿಗದಂತೆ ಇಟ್ಟರು. 151 ಪೂರ್ತಿಯಾಗಬೇಕಾದರೆ ಇನ್ನೊಬ್ಬರ ಸ್ನೇಹ ಬೇಕೇ ಬೇಕು. ಫೋನಿನ ಆಟಕ್ಕೆ ಈ ವಿನಿಮಯ ಬಂದದ್ದು 2018ರಲ್ಲಿ. ನನ್ನ ಪ್ರಕಾರ ಅದು ನಿಜವಾಗಿ ಪೋಕೆಮಾನ್ ಆದದ್ದು ಆಗಲೇ.

ನಾನೂ ಮಗಳೂ ನಾಸಿಕ್‌ನಲ್ಲಿದ್ದೇವೆ. ಯಜಮಾನರ ಕೆಲಸ ಛತ್ರಪತಿ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ. ಶನಿವಾರ ಸಂಜೆ ಅವರು ಬಸ್ಸು ಹಿಡಿದು ವೈಜಾಪುರ, ಯೇವಲಾ ದಾಟಿ ಬರುತ್ತಾರೆ. ಬಂದವರು ಕಾಲು ತೊಳೆಯುವ ಮೊದಲೇ ಮಗಳು ಫೋನ್ ಕೇಳುತ್ತಾಳೆ. ವಿನಿಮಯಕ್ಕೆ ಸಾಮಾನ್ಯವಾಗಿ ಇಬ್ಬರೂ ಸುಮಾರು 100 ಮೀಟರ್ ಒಳಗಿರಬೇಕು, ಅದಕ್ಕೇ ವಾರವಿಡೀ ಕಾಯುವುದು. ಕೊಡುವ ಪ್ರಾಣಿ, ಪಡೆಯುವ ಪ್ರಾಣಿ ಎರಡನ್ನೂ ಹಿಡಿದ ಜಾಗಗಳ ನಡುವೆ 100 ಕಿ.ಮೀ.ಗಿಂತ ಹೆಚ್ಚು ದೂರವಿದ್ದರೆ ಒಂದರ ಬದಲು ಮೂರು ಕ್ಯಾಂಡಿ. ಪ್ರಾಣಿಯನ್ನು ಬೆಳೆಸಲು ಬೇಕಾದದ್ದು ಅದೇ. ಹೀಗಾಗಿ ಬೀಬಿ ಕಾ ಮಕ್ಬರಾದ ಹತ್ತಿರ ಅಪ್ಪ ಹಿಡಿದ ಸಾಧಾರಣ ಪಾರಿವಾಳಕ್ಕೂ ನಮ್ಮ ಮನೆಯಲ್ಲಿ ಬೆಲೆಯುಂಟು.

ನನ್ನ ತಮ್ಮನ ಮಗ ಇರುವುದು ನವಲಗುಂದದ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ಪೋಕೆಸ್ಟಾಪ್ ಒಂದೂ ಇಲ್ಲ. ಇದು ಈ ಆಟದ ದೊಡ್ಡ ಅನ್ಯಾಯ. ನಕ್ಷೆಯ ಜಾಗಗಳನ್ನು ಸೂಚಿಸುವವರು ಆಟಗಾರರೇ ಆದ್ದರಿಂದ ಪಟ್ಟಣದಲ್ಲಿ ಹೆಜ್ಜೆಗೊಂದು, ಹಳ್ಳಿಯಲ್ಲಿ ಸೊನ್ನೆ. ಪಂಚವಟಿಯಲ್ಲಿ ಅರ್ಧ ಗಂಟೆ ಅಡ್ಡಾಡಿದರೆ ಮಗಳ ಚೀಲ ತುಂಬುತ್ತದೆ. ಅವನು ಮಾತ್ರ ಒಂದೊಂದು ಚೆಂಡನ್ನೂ ಲೆಕ್ಕ ಹಾಕಿ ಎಸೆಯಬೇಕು. ಅವನಿಗೆ ಆಸರೆ 'ಗಿಫ್ಟ್'. ಪೋಕೆಸ್ಟಾಪ್‌ನಲ್ಲಿ ಸಿಗುವ ಈ ಪೊಟ್ಟಣವನ್ನು ಸ್ವತಃ ಬಿಚ್ಚುವಂತಿಲ್ಲ, ಸ್ನೇಹಿತರಿಗೇ ಕಳಿಸಬೇಕು. ಒಳಗೆ ಚೆಂಡುಗಳಿರುತ್ತವೆ, ಮೇಲೆ ಆ ಜಾಗದ ಚಿತ್ರವಿರುವ ಕಾರ್ಡ್.

ಆಟದೊಳಗೆ ಮಾತಾಡುವ ವ್ಯವಸ್ಥೆ ಇಲ್ಲ. ಏನೇ ಹೇಳುವುದಿದ್ದರೂ ಫೋನ್ ಮಾಡಬೇಕು. ಅವನಿಗೆ ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಹಬ್ಬಕ್ಕೆ ಅಜ್ಜಿಯ ಫೋನ್ ಬಂದರೂ 'ಹೂಂ', 'ಹಾಂ' ಎಂದು ನನ್ನ ಕೈಗೆ ಕೊಡುತ್ತಿದ್ದ ಹುಡುಗಿಗೆ ಈಗ ಬೇರೆ ದಾರಿ ಉಳಿದಿಲ್ಲ. "ಅಕ್ಕಾ, ಚೆಂಡ್ ಖಾಲಿ ಆಗ್ಯಾವ, ನಿನ್ನಿ ಗಿಫ್ಟ್ ಯಾಕ ಕಳಸಲಿಲ್ಲ?" ಎಂದು ಅವನು ಜಬರಿಸಿದರೆ ಇವಳು ತಡವರಿಸುತ್ತ, "ಪರೀಕ್ಷಾ ಇತ್ತೋ ಮಾರಾಯಾ" ಎನ್ನುತ್ತಾಳೆ. 'ಮಾರಾಯಾ' ಅವನಿಂದಲೇ ಕಲಿತದ್ದು.

2023ರಲ್ಲಿ ಆಟ ಹಿಂದಿಗೂ ಬಂತು. ಮಗಳಿಗೆ ಖುಷಿ, ನನಗೆ ಸ್ವಲ್ಪ ಹೊಟ್ಟೆಯುರಿ. ಕನ್ನಡ ಇನ್ನೂ ಇಲ್ಲ. ಆದರೆ ಆ ಹುಡುಗ ಕಂಪನಿಗೆ ಕಾಯುವವನಲ್ಲ. ಬೆನ್ನ ತುಂಬ ಕಲ್ಲಿದ್ದಲು ಹೊತ್ತ ಟಾರ್ಕೋಲ್ ಅವನ ಬಾಯಲ್ಲಿ 'ಇದ್ದಲಿ ಆಮಿ', ಸದಾ ಮಲಗಿರುವ ಸ್ನಾರ್ಲ್ಯಾಕ್ಸ್ 'ಕುಂಭಕರ್ಣ'. ಮಗಳೂ ಈಗ ಹಾಗೇ ಕರೆಯುತ್ತಾಳೆ.

ಒಮ್ಮೆ ಯಜಮಾನರು ಎಲ್ಲೋರದಿಂದ ಕಳಿಸಿದ ಕಾರ್ಡಿನಲ್ಲಿ ಕೈಲಾಸ ದೇವಾಲಯ ಬಂತು. ಹುಡುಗ ತಕ್ಷಣ ಫೋನ್ ಮಾಡಿ, "ಇದು ನಮ್ಮ ಪುಸ್ತಕದಾಗ ಐತಿ, ರಾಷ್ಟ್ರಕೂಟರ ಕೃಷ್ಣ ಕಟ್ಟಿಸಿದ್ದು" ಎಂದ. ಅದನ್ನು ಎರಡು ಸಲ ನೋಡಿ ಬಂದಿದ್ದ ಮಗಳು, ರಾಷ್ಟ್ರಕೂಟರಿಗೂ ಕನ್ನಡಕ್ಕೂ ಏನು ಸಂಬಂಧ ಎಂದು ಆವತ್ತು ನನ್ನನ್ನು ಕೇಳಿದಳು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದ ಕವಿರಾಜಮಾರ್ಗದ ವಿಷಯ ತೆಗೆದು, ಅದೇ ಗೋದಾವರಿ ನಮ್ಮ ರಾಮಕುಂಡದಲ್ಲಿ ಹರಿಯುವುದು ಎಂದೆ. ಎಷ್ಟು ತಲೆಗೆ ಹೋಯಿತೋ ಕಾಣೆ.

ಉಳಿದ ಹೊಸತುಗಳಲ್ಲಿ, ಇನ್ನೊಬ್ಬರು ಗುರುತಿಸಿಟ್ಟ ದಾರಿಯಲ್ಲಿ ನಡೆಯುವ 'ರೂಟ್ಸ್' ಚೆನ್ನಾಗಿದೆ. 2024ರಲ್ಲಿ ಬಂದ ದೈತ್ಯ ಪ್ರಾಣಿಗಳ ಕಾಳಗಕ್ಕೆ ಗುಂಪು ಬೇಕು. ಹಳ್ಳಿಯವನಿಗೆ ಅದೂ ದೂರದ ಮಾತು.

ಈ ದೀಪಾವಳಿಗೆ ನಾಲ್ಕು ದಿನ ಊರಿಗೆ ಹೋಗುತ್ತಿದ್ದೇವೆ. ಅಪರೂಪದ ಪ್ರಾಣಿಗಳ ವಿನಿಮಯ ಸಾಮಾನ್ಯವಾಗಿ ದಿನಕ್ಕೆ ಒಂದೇ, ಅಂದರೆ ಒಟ್ಟು ನಾಲ್ಕು. ಯಾವ ನಾಲ್ಕು ಎಂಬ ಜಗಳ ಫೋನಿನಲ್ಲಿ ಈಗಲೇ ಶುರುವಾಗಿದೆ. ಕುಂಭಕರ್ಣನನ್ನು ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂಬುದು ನಿನ್ನೆ ರಾತ್ರಿಯ ತನಕ ತೀರ್ಮಾನವಾಗಿರಲಿಲ್ಲ.