ಔಷಧ ಸಾಗುವ ದಾರಿಯಲ್ಲಿ ವಿಷವೂ ಸಾಗಬಲ್ಲದು

ಔಷಧ ಮತ್ತು ವಿಷಗಳ ನಡುವಿನ ಗೆರೆ ತೀರ ತೆಳುವಾದುದೆಂಬ ಅರಿವು ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ‘ಅತಿಯಾದರೆ ಅಮೃತವೂ ವಿಷ’ ಎಂಬ ನಮ್ಮ ಗಾದೆ ಹೇಳುವುದು ಪ್ರಮಾಣದ ಮಾತನ್ನು. ಆದರೆ ಕಳೆದ ಶತಮಾನದ ಅನುಭವ ಇನ್ನೊಂದು ಪಾಠವನ್ನೂ ಕಲಿಸಿದೆ. ಯಾವ ವಸ್ತು, ಎಷ್ಟು ಪ್ರಮಾಣ ಎಂಬುದಷ್ಟೇ ಅಲ್ಲ, ಅದನ್ನು ದೇಹದೊಳಕ್ಕೆ ಹೇಗೆ ತಲುಪಿಸಲಾಗುತ್ತದೆ ಎಂಬುದೂ ಅಷ್ಟೇ ನಿರ್ಣಾಯಕ. ತಲುಪಿಸುವ ಈ ವಿದ್ಯೆಯನ್ನು ನ್ಯಾನೊ ತಂತ್ರಜ್ಞಾನವು ಹಿಂದೆಂದೂ ಇಲ್ಲದಷ್ಟು ನಿಖರಗೊಳಿಸುತ್ತಿದೆ. ಆದಕಾರಣ ಅದರ ಕುರಿತ ನೈತಿಕ ಚರ್ಚೆಯು ಆಸ್ಪತ್ರೆಯ ಗೋಡೆಗಳೊಳಗೇ ಮುಗಿದುಹೋಗುವಂಥದ್ದಲ್ಲ.

ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ತಲೆಗೂದಲಿನ ದಪ್ಪವೇ ಈ ಅಳತೆಯಲ್ಲಿ ಸುಮಾರು 80 ಸಾವಿರವಾಗುತ್ತದೆ. ಇಷ್ಟು ಸೂಕ್ಷ್ಮ ಸ್ತರದಲ್ಲಿ ದ್ರವ್ಯವನ್ನು ಬೇಕಾದಂತೆ ಜೋಡಿಸುವ ಸಾಧ್ಯತೆಯನ್ನು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1959ರ ಉಪನ್ಯಾಸವೊಂದರಲ್ಲಿ ಮುಂದಿಟ್ಟರು. ವೈದ್ಯಕೀಯದಲ್ಲಿ ಅದು ಫಲ ಕೊಟ್ಟಿರುವುದು ಮುಖ್ಯವಾಗಿ ವಾಹಕದ ರೂಪದಲ್ಲಿ. ಹೃದಯಕ್ಕೆ ಹಾನಿಯುಂಟುಮಾಡಬಲ್ಲ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧವನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿ ಕೊಡುವ ವಿಧಾನಕ್ಕೆ ಅಮೆರಿಕದಲ್ಲಿ 1995ರಲ್ಲಿ ಅನುಮತಿ ದೊರೆಯಿತು. 2020ರಲ್ಲಿ ಬಳಕೆಗೆ ಬಂದ ಎಂಆರ್‌ಎನ್‌ಎ ಮಾದರಿಯ ಕೋವಿಡ್ ಲಸಿಕೆಗಳು ಯಶಸ್ವಿಯಾದದ್ದೂ ಇಂಥ ಕೊಬ್ಬಿನ ನ್ಯಾನೊಕಣಗಳ ಬಲದಿಂದಲೇ. ಬಹುಬೇಗ ಚೂರಾಗುವ ಎಂಆರ್‌ಎನ್‌ಎ ಅಣುವನ್ನು ಅವು ಜೀವಕೋಶದೊಳಕ್ಕೆ ಜೋಪಾನವಾಗಿ ಕೊಂಡೊಯ್ದವು. ಮಿದುಳಿಗೆ ಕಾವಲಿರುವ ರಕ್ತನಾಳಗಳ ತಡೆಯನ್ನು ದಾಟಿ ಔಷಧವನ್ನು ತಲುಪಿಸುವ ಸಂಶೋಧನೆಗಳೂ ನಡೆದಿವೆ. ಮಿದುಳಿನ ಗಡ್ಡೆಯಿಂದ ನರಳುವ ರೋಗಿಗಳ ಪಾಲಿಗೆ ಇದು ದೊಡ್ಡ ಭರವಸೆ.

ಈಗ ಇದೇ ಪ್ರಶ್ನೆಯನ್ನು ಅಸ್ತ್ರಗಳ ಇತಿಹಾಸದ ಕಡೆಯಿಂದ ನೋಡಬೇಕು. ರಾಸಾಯನಿಕ ಹಾಗೂ ಜೈವಿಕ ಅಸ್ತ್ರಗಳನ್ನು ಮಾಡಹೊರಟವರಿಗೆ ವಿಷ ದೊರಕಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ಅದನ್ನು ತಲುಪಿಸುವುದೇ ತೊಡಕಾಗಿತ್ತು. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಕ್ಲೋರಿನ್ ಹರಿಯಬಿಟ್ಟಾಗ ಎಲ್ಲವೂ ಗಾಳಿಯ ದಿಕ್ಕನ್ನು ಅವಲಂಬಿಸಿತ್ತು. 1995ರಲ್ಲಿ ಟೋಕಿಯೊದ ಸುರಂಗ ರೈಲುಗಳಲ್ಲಿ ಓಮ್ ಶಿನ್ರಿಕ್ಯೊ ಪಂಥದವರು ಸಾರಿನ್ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಕೊಡೆಯ ಮೊನೆಯಿಂದ ಚುಚ್ಚಿದರು. ಸಾವಿರಾರು ಜನ ಅಸ್ವಸ್ಥರಾದರೂ ಸಾವಿನ ಸಂಖ್ಯೆ ಹತ್ತು-ಹದಿನೈದರ ನಡುವೆ ನಿಂತಿತು. ಸಾರಿನ್ ಅಶುದ್ಧವಾಗಿದ್ದುದೂ ಹರಡಿದ ವಿಧಾನ ಒರಟಾಗಿದ್ದುದೂ ಇದಕ್ಕೆ ಕಾರಣ. ಅಂದರೆ ಅಸ್ತ್ರಕಾರನ ಅಸಾಮರ್ಥ್ಯವೇ ಮನುಕುಲಕ್ಕೆ ರಕ್ಷಾಕವಚವಾಗಿತ್ತು. ರೋಗಿಯ ಹಿತಕ್ಕಾಗಿ ವಿಜ್ಞಾನವು ಈಗ ನಿವಾರಿಸುತ್ತಿರುವುದು ಅದೇ ಅಸಾಮರ್ಥ್ಯವನ್ನು. ನ್ಯಾನೊಕಣಗಳನ್ನು ಯುದ್ಧದಲ್ಲಿ ವಿಷವಾಹಕವಾಗಿ ಬಳಸಿದ ನಿದರ್ಶನ ದಾಖಲಾಗಿಲ್ಲ. ಭೀತಿ ಹರಡುವ ಅಗತ್ಯವೂ ಇಲ್ಲ. ಆದರೆ ನಿದರ್ಶನ ಸಿಗುವವರೆಗೆ ಕಾಯುವುದು ವಿವೇಕವಲ್ಲ.

ಟೋಕಿಯೊ ಪ್ರಕರಣದ ಇನ್ನೊಂದು ಸಂಗತಿ ವೈದ್ಯಲೋಕವನ್ನು ಕಾಡಬೇಕು. ಚೀಲ ಚುಚ್ಚಿದವರಲ್ಲಿ ಒಬ್ಬಾತ ನುರಿತ ಹೃದಯ ಶಸ್ತ್ರಚಿಕಿತ್ಸಕ. 2001ರಲ್ಲಿ ಅಮೆರಿಕದಲ್ಲಿ ಆಂಥ್ರಾಕ್ಸ್ ಬೀಜಾಣುಗಳ ನುಣುಪು ಪುಡಿ ಅಂಚೆ ಲಕೋಟೆಗಳಲ್ಲಿ ಹೊರಟು ಐವರನ್ನು ಬಲಿತೆಗೆದುಕೊಂಡಿತು. ಅದರ ಹಿಂದಿದ್ದಾತ ಸೇನೆಯದೇ ಜೈವಿಕ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿಯೆಂದು ತನಿಖಾ ಸಂಸ್ಥೆ ತೀರ್ಮಾನಿಸಿತು. ವಿಚಾರಣೆಗೆ ಮೊದಲೇ, 2008ರಲ್ಲಿ, ಆತ ಮೃತಪಟ್ಟಿದ್ದ. ಎರಡನೇ ಮಹಾಯುದ್ಧದ ಕಾಲದಲ್ಲಿ ಚೀನಾದ ನೆಲದಲ್ಲಿ ಜೀವಂತ ಮನುಷ್ಯರ ಮೇಲೆ ರೋಗಾಣು ಪ್ರಯೋಗ ನಡೆಸಿದ ಜಪಾನಿನ 731ನೇ ಘಟಕದ ಮುಖ್ಯಸ್ಥ ಶಿರೊ ಇಶಿಯೂ ವೈದ್ಯನೇ. ನಾಜಿ ವೈದ್ಯರ ವಿಚಾರಣೆಯಿಂದ 1947ರ ನ್ಯೂರೆಂಬರ್ಗ್ ಸಂಹಿತೆ ಹುಟ್ಟಿತು. ಆದರೆ ಇಶಿಯ ಪ್ರಯೋಗದ ದತ್ತಾಂಶವನ್ನು ಪಡೆದುಕೊಂಡ ಅಮೆರಿಕವು ಅದಕ್ಕೆ ಪ್ರತಿಯಾಗಿ ಆತನಿಗೆ ವಿಚಾರಣೆಯಿಂದ ವಿನಾಯಿತಿ ನೀಡಿತು. ಜ್ಞಾನದ ಆಸೆ ನ್ಯಾಯವನ್ನು ನುಂಗಿದ ಉದಾಹರಣೆ ಇದಕ್ಕಿಂತ ಬೇರೆ ಬೇಕಿಲ್ಲ.

ಔಷಧವೇ ಅಸ್ತ್ರವಾದ ಪ್ರಸಂಗವೂ ನಮ್ಮ ಕಾಲದ್ದೇ. 2002ರ ಅಕ್ಟೋಬರ್‌ನಲ್ಲಿ ಮಾಸ್ಕೋದ ರಂಗಮಂದಿರವೊಂದರಲ್ಲಿ ಚೆಚೆನ್ ಉಗ್ರರು 800ಕ್ಕೂ ಹೆಚ್ಚು ಜನರನ್ನು ಒತ್ತೆಯಿರಿಸಿಕೊಂಡಿದ್ದರು. ಅವರನ್ನು ಬಿಡಿಸಲು ರಷ್ಯದ ಪಡೆಗಳು ಪ್ರಜ್ಞೆ ತಪ್ಪಿಸುವ ದ್ರವ್ಯವನ್ನು ಸಭಾಂಗಣದೊಳಕ್ಕೆ ಹಾಯಿಸಿದವು. ಅದು ಅರಿವಳಿಕೆಗೆ ಬಳಸುವ ಫೆಂಟನಿಲ್ ವರ್ಗಕ್ಕೆ ಸೇರಿದ್ದೆಂದು ಸರ್ಕಾರ ಒಪ್ಪಿಕೊಂಡದ್ದು ದಿನಗಳು ಕಳೆದ ಮೇಲೆ. ಸುಮಾರು 130 ಒತ್ತೆಯಾಳುಗಳು ಸತ್ತರು. ಬಹುತೇಕ ಸಾವುಗಳಿಗೆ ಆ ದ್ರವ್ಯವೇ ಕಾರಣ. ಪ್ರಜ್ಞಾಹೀನರನ್ನು ಬರಮಾಡಿಕೊಂಡ ವೈದ್ಯರಿಗೆ ಯಾವ ವಿಷಕ್ಕೆ ಚಿಕಿತ್ಸೆ ನೀಡುತ್ತಿದ್ದೇವೆಂಬ ಮಾಹಿತಿಯೇ ಇರಲಿಲ್ಲ. 1984ರ ಡಿಸೆಂಬರ್‌ನಲ್ಲಿ ಭೋಪಾಲದ ವೈದ್ಯರು ಎದುರಿಸಿದ್ದೂ ಇಂಥದೇ ಕತ್ತಲು. ಒಂದು ಸರ್ಕಾರದ ಕಾರ್ಯಾಚರಣೆ, ಇನ್ನೊಂದು ಕಾರ್ಖಾನೆಯ ದುರಂತ. ಆದರೆ ಗುಟ್ಟು ಎರಡು ಕಡೆಯೂ ಚಿಕಿತ್ಸೆಯ ಕೈ ಕಟ್ಟಿಹಾಕಿತು. ಔಷಧಗಳನ್ನು ಅಸ್ತ್ರವಾಗಿಸುವ ಕೆಲಸದಿಂದ ವೈದ್ಯರು ದೂರವಿರಬೇಕೆಂದು ಬ್ರಿಟಿಷ್ ವೈದ್ಯಕೀಯ ಸಂಘ 2007ರ ವರದಿಯಲ್ಲಿ ಎಚ್ಚರಿಸಿತು. ಇಂಥ ದ್ರವ್ಯಗಳನ್ನು ಪೊಲೀಸ್ ಕಾರ್ಯಾಚರಣೆಗಾಗಿ ಗಾಳಿಯಲ್ಲಿ ಹರಡುವುದು ಒಪ್ಪಂದಕ್ಕೆ ಹೊಂದುವಂಥದ್ದಲ್ಲವೆಂದು ರಾಸಾಯನಿಕ ಅಸ್ತ್ರ ನಿಷೇಧ ಸಂಘಟನೆಯ ಸದಸ್ಯ ರಾಷ್ಟ್ರಗಳು ತೀರ್ಮಾನಿಸಲು 2021ರವರೆಗೆ ಕಾಯಬೇಕಾಯಿತು.

ಕಾನೂನಿನ ಸ್ಥಿತಿ ಅಸಮವಾಗಿದೆ. 1997ರಲ್ಲಿ ಜಾರಿಗೆ ಬಂದ ರಾಸಾಯನಿಕ ಅಸ್ತ್ರ ಒಪ್ಪಂದವು ವಿಷಗಳ ಪಟ್ಟಿಗೆ ಸೀಮಿತವಾಗದೆ ಉದ್ದೇಶವನ್ನೇ ಒರೆಗೆ ಹಚ್ಚುತ್ತದೆ. ಅದಕ್ಕೆ ಪರಿವೀಕ್ಷಕರ ಬಲವೂ ಇದೆ. ಭಾರತ ತನ್ನ ದಾಸ್ತಾನಿನ ನಾಶವನ್ನು 2009ರಲ್ಲಿ ಪೂರೈಸಿತು. ಅಮೆರಿಕ 2023ರಲ್ಲಿ ಮುಗಿಸಿತು. ಆದರೆ 1975ರಿಂದ ಜಾರಿಯಲ್ಲಿರುವ ಜೈವಿಕ ಅಸ್ತ್ರ ಒಪ್ಪಂದಕ್ಕೆ ತಪಾಸಣೆಯ ವ್ಯವಸ್ಥೆಯೇ ಇಲ್ಲ. ಅದನ್ನು ರೂಪಿಸುವ ಮಾತುಕತೆ 2001ರಲ್ಲಿ ಅಮೆರಿಕದ ವಿರೋಧದಿಂದ ಮುರಿದುಬಿತ್ತು. ರಸಾಯನ, ಜೀವವಿಜ್ಞಾನ, ಗಣಕ ವಿಜ್ಞಾನಗಳ ಎಲ್ಲೆಗಳು ಕರಗುತ್ತಿರುವಾಗ ಈ ಬಿರುಕು ಇನ್ನಷ್ಟು ಅಪಾಯಕಾರಿ. ಔಷಧ ಶೋಧಕ್ಕೆಂದು ರೂಪಿಸಿದ ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನು ಸಂಶೋಧಕರು ಪರೀಕ್ಷಾರ್ಥ ತಿರುಗಿಸಿದಾಗ ಆರು ಗಂಟೆಗಳೊಳಗೆ ವಿಷಕಾರಿಯಾಗಬಹುದಾದ 40 ಸಾವಿರ ಅಣುಗಳನ್ನು ಅದು ಪಟ್ಟಿಮಾಡಿತೆಂಬುದು 2022ರಲ್ಲಿ ಪ್ರಕಟವಾದ ಸಂಗತಿ.

ಭಾರತ 2007ರಲ್ಲಿ ನ್ಯಾನೊ ಮಿಷನ್ ಆರಂಭಿಸಿತು. ಬೆಂಗಳೂರು ಈ ಸಂಶೋಧನೆಯ ಪ್ರಮುಖ ಕೇಂದ್ರಗಳಲ್ಲೊಂದು. ನ್ಯಾನೊ ಔಷಧಗಳ ಗುಣಮಟ್ಟ, ಸುರಕ್ಷತೆ, ಪರಿಣಾಮಗಳನ್ನು ಅಳೆಯುವ ಮಾರ್ಗಸೂಚಿಯೂ 2019ರಲ್ಲಿ ಬಂದಿದೆ. ಸಾಮೂಹಿಕ ವಿನಾಶದ ಅಸ್ತ್ರಗಳನ್ನು ಕುರಿತ 2005ರ ಕಾಯ್ದೆ ಅಪರಾಧಿಯನ್ನು ದಂಡಿಸಬಲ್ಲದು. ಇವೆರಡರ ನಡುವೆ ಉಳಿದಿರುವ ತೆರಪೇ ಚಿಂತೆಯ ವಿಷಯ. ಸಂಶೋಧನೆಗೆ ಒಪ್ಪಿಗೆ ನೀಡುವ ನೈತಿಕ ಸಮಿತಿಗಳು ಮುಖ್ಯವಾಗಿ ಪ್ರಯೋಗಕ್ಕೊಳಗಾಗುವವರ ಸಮ್ಮತಿ ಮತ್ತು ಕ್ಷೇಮವನ್ನು ವಿಚಾರಿಸುತ್ತವೆ. ಅದು ಅತ್ಯಗತ್ಯ, ಆದರೆ ಸಾಲದು. ಈ ಜ್ಞಾನ ದುರುಳರ ಕೈಸೇರಿದರೆ ಏನಾದೀತು ಎಂಬ ಪ್ರಶ್ನೆಯನ್ನೂ ಅವು ಕೇಳಬೇಕು. ವೈದ್ಯಕೀಯ ಹಾಗೂ ವಿಜ್ಞಾನ ಪಠ್ಯಕ್ರಮದಲ್ಲಿ ಟೋಕಿಯೊ, ಮಾಸ್ಕೋ, 731ನೇ ಘಟಕಗಳ ಇತಿಹಾಸಕ್ಕೆ ಸ್ಥಾನ ದೊರೆಯಬೇಕು. ಅನುಮಾನಾಸ್ಪದ ಕೆಲಸವನ್ನು ಬೆಳಕಿಗೆ ತರುವ ಕಿರಿಯ ಸಂಶೋಧಕರಿಗೆ ರಕ್ಷಣೆ ಬೇಕು. ಜೈವಿಕ ಒಪ್ಪಂದಕ್ಕೆ ತಪಾಸಣೆಯ ಹಲ್ಲು ಕೊಡಿಸುವ ಯತ್ನದಲ್ಲಿ ಭಾರತ ಮುಂಚೂಣಿಯಲ್ಲಿರಬೇಕು.

ಇದು ಸಂಶೋಧನೆಗೆ ಬೇಲಿ ಹಾಕುವ ಮಾತಲ್ಲ. ಕ್ಯಾನ್ಸರ್ ರೋಗಿಗೆ ದಕ್ಕಬೇಕಾದ ಔಷಧವನ್ನು ಭಯದ ನೆಪದಲ್ಲಿ ತಡೆಹಿಡಿಯುವುದೂ ಅನೈತಿಕವೇ. ಯಾರು ಕೇಳಿದರೂ ವಿಷ ಕೊಡಲಾರೆನೆಂಬ ವಚನ ಹಿಪಾಕ್ರೆಟಿಸ್‌ನ ಪ್ರತಿಜ್ಞೆಯಲ್ಲಿದೆ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಹುಟ್ಟಿದ ಆ ವಚನವು ಪ್ರಯೋಗಾಲಯದ ಮೇಜಿಗೂ ಅನ್ವಯಿಸುತ್ತದೆ. ಪರಿವೀಕ್ಷಕರು ತಲುಪಲಾರದ ಕಡೆ ಕಾವಲು ನಿಲ್ಲಬೇಕಾದವರು ಅಲ್ಲಿ ಕೆಲಸ ಮಾಡುವವರೇ. ಅವರನ್ನು ಅದಕ್ಕೆ ಸಿದ್ಧಗೊಳಿಸುವುದು ಸಮಾಜದ ಹೊಣೆ.